ಜಗಲಿಗೆ ಬಂದ ವಿಶ್ವವಿದ್ಯಾಲಯ

ಎದುರಿಗೆ ಮುಖಗಳಿಲ್ಲದಿದ್ದರೆ ನನಗೆ ಪಾಠ ಹೇಳುವುದಕ್ಕೆ ಬಾರದು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಚರಿತ್ರೆ ಹೇಳಿಕೊಂಡೇ ತಲೆ ನರೆಸಿಕೊಂಡವಳು ನಾನು. ಕಿಟಕಿ ಪಕ್ಕ ಕೂತ ಹುಡುಗಿ ಆಕಳಿಸಿದಳೆಂದರೆ, ಅವಳನ್ನು ಎಚ್ಚರಿಸುವುದಕ್ಕಾಗಿಯೇ ಸಂಧಾನದ ಮಾತನ್ನು ಮೊಟಕು ಮಾಡಿ ಯುದ್ಧ ಶುರುಮಾಡಿಬಿಡುತ್ತಿದ್ದೆ. ಸಿಟ್ಟಿನ ಮೇಡಂ ಎಂಬ ಹೆಸರಿತ್ತು. ಸುಳ್ಳೆಂದು ನಾನೂ ಹೇಳಲಾರೆ. ಉತ್ತರಪತ್ರಿಕೆಯಲ್ಲಿ ಯಾರಾದರೂ ಪಕ್ಕದಲ್ಲೇ ನಿಂತು ಕಂಡವರ ಹಾಗೆ ರಾಜನ ಮನಸ್ಸಿನ ದುಃಖವನ್ನೆಲ್ಲ ಬರೆದರೆ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಆಧಾರ ಎಲ್ಲಿ?’ ಎಂದು ಗೀಚಿ ಅಂಕ ಕತ್ತರಿಸುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ನಮಸ್ಕಾರಕ್ಕಿಂತ ಮೊದಲು ಆ ಮಾತನ್ನೇ ಹೇಳಿ ನಗುತ್ತಾರೆ.

ನಿವೃತ್ತಿಯಾಗಿ ಮನೆಯಲ್ಲಿ ಕೂತು ಗಂಡನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದ ದಿನಗಳಲ್ಲಿ ನಮ್ಮ ಹಳೆಯ ಪ್ರಾಂಶುಪಾಲರು ಬಂದರು. ಅವರೂ ನಿವೃತ್ತರೇ, ಆದರೆ ಸುಮ್ಮನೆ ಕೂರುವ ಜಾಯಮಾನದವರಲ್ಲ. ದೂರದ ನಗರದ ಕಂಪನಿಯೊಂದು ಆನ್‌ಲೈನ್ ವಿಶ್ವವಿದ್ಯಾಲಯ ಶುರುಮಾಡುತ್ತಿದೆ, ಮನೆಯಲ್ಲಿದ್ದುಕೊಂಡೇ ಫೋನಿನಲ್ಲಿ ಪಾಠ ಕೇಳಿ ಪದವಿ ಪಡೆಯಬಹುದು, ಕೊಳ್ಳೇಗಾಲ, ಹನೂರು, ಯಳಂದೂರಿನ ಕೇಂದ್ರವನ್ನು ತಾವು ವಹಿಸಿಕೊಂಡಿರುವುದಾಗಿ ಹೇಳಿದರು.

“ಪಿಯುಸಿ ಮುಗಿದ ಕೂಡಲೇ ಮದುವೆ ಮಾಡಿ ಕಳಿಸಿದರಲ್ಲ, ಆ ಹುಡುಗಿಯರೆಲ್ಲ ಈಗ ಓದಬಹುದು. ನೀವು ಬರದಿದ್ದರೆ ಚರಿತ್ರೆ ಹೇಳೋರು ಯಾರು?” ಎಂದರು.

ಹೊಗಳಿಕೆಗೆ ನಾನು ಬಲು ಬೇಗ ಬೀಳುತ್ತೇನೆ. ಮರುದಿನವೇ ಹೋದೆ.

ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯೇ ನಮ್ಮ ವಿಶ್ವವಿದ್ಯಾಲಯ. ಒಂದು ಕ್ಯಾಮೆರಾ, ಮುಖ ಹುರಿಯುವಂಥ ಒಂದು ದೀಪ, ಒಂದು ಕಂಪ್ಯೂಟರು. ಯಂತ್ರಗಳನ್ನು ನೋಡಿಕೊಳ್ಳಲು ಹನೂರಿನಲ್ಲಿ ಕೇಬಲ್ ಟೀವಿ ನಡೆಸಿ ಕೈಸುಟ್ಟುಕೊಂಡಿದ್ದ ನಡುವಯಸ್ಸಿನವರೊಬ್ಬರು ಬಂದಿದ್ದರು. ಪರದೆಯ ಮೇಲೆ ಸೇರಿಕೊಂಡವರ ಹೆಸರುಗಳ ಸಾಲು ಇರುತ್ತಿತ್ತು. ಯಾರು ಪಾಠಕ್ಕೆ ಬಂದಿದ್ದಾರೋ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಮೊದಲ ದಿನ ಆ ಚುಕ್ಕೆಗಳನ್ನು ನೋಡಿ ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು.

ಮೊದಲ ವಾರ ಎಲ್ಲರ ಮೈಕೂ ತೆರೆದೇ ಇತ್ತು. ಅಬ್ಬಾ, ಅದೇನು ಗದ್ದಲ! ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು, ಇನ್ಯಾರದೋ ಹಟ್ಟಿಯ ಮೇಕೆ ಅರಚುತ್ತಿತ್ತು. ಅದರ ಮಧ್ಯೆ ನನ್ನ ಪ್ರತಿ ವಾಕ್ಯಕ್ಕೂ ನಾಲ್ಕು ಕಡೆಯಿಂದ “ಊಂ... ಊಂ...” ಎಂಬ ದನಿ. ನನಗಂತೂ ಅದು ಹಿತವಾಗಿತ್ತು. ಆದರೆ ಕಂಪನಿಯವರು ಅದನ್ನೆಲ್ಲ ಕೇಳಿ ಗಾಬರಿಯಾದರು. ಇನ್ನು ಮುಂದೆ ಪಾಠ ಹೇಳುವವರ ಮೈಕು ಮಾತ್ರ ತೆರೆದಿರಬೇಕು, ಪ್ರಶ್ನೆಯಿದ್ದವರು ಟೈಪ್ ಮಾಡಲಿ ಎಂದು ಹುಕುಂ ಬಂತು. ನಾನು ಫೋನಿನಲ್ಲೇ ಜಗಳವಾಡಿದೆ. ಅವರು ಬಹಳ ವಿನಯದಿಂದ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಮೈಕುಗಳನ್ನು ಮುಚ್ಚಿದರು.

ಅಲ್ಲಿಂದ ಮುಂದೆ ಗೋಡೆಗೆ ಪಾಠ. ಯಾರೂ ಏನೂ ಟೈಪ್ ಮಾಡಲಿಲ್ಲ. ಹಸಿರು ಚುಕ್ಕೆಗಳೂ ಒಂದೊಂದಾಗಿ ಆರತೊಡಗಿದವು. ಹನೂರಿನ ಕಡೆ ಒಂದೋ ಎರಡೋ ಉಳಿದವು. ತಮಿಳುನಾಡಿನ ಗಡಿಯ ಗೋಪಿನಾಥಂ ಕಡೆಯವರದು ಹೊತ್ತಿದ್ದೇ ಇಲ್ಲ, ಆ ಕಾಡಿನಲ್ಲಿ ಸಿಗ್ನಲ್ಲಿಗೆ ಎಲ್ಲಿಗೆ ಹೋಗಬೇಕು? ಯಳಂದೂರಿನ ಕಡೆಯಿಂದ ಕೊನೆಗೆ ಉಳಿದದ್ದು ಮಾಂಬಳ್ಳಿಯ ಒಂದೇ ಒಂದು ಚುಕ್ಕೆ. ಅದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ನಾನು ಅದನ್ನೇ ನೋಡಿಕೊಂಡು ಪಾಠ ಹೇಳುತ್ತಿದ್ದೆ. ಯಾರೋ ಒಬ್ಬಳು ಹೆಂಗಸು ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಕೇಳುತ್ತಿರುವಂತೆ ಕಲ್ಪಿಸಿಕೊಂಡು ಅವಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಕೆಲವು ದಿನ ಮಾತ್ರ ಅನುಮಾನ ಬರುತ್ತಿತ್ತು. ಫೋನು ಆನ್ ಮಾಡಿಟ್ಟು ಆಕೆ ಗದ್ದೆಯ ಕಳೆ ಕೀಳಲು ಹೋಗಿದ್ದರೆ?

ಆ ದಿನ ಕಡಲ ವ್ಯಾಪಾರದ ಪಾಠ. ಗಾಳಿ ಒಂದು ದಿಕ್ಕಿಗೆ ಬೀಸುವಾಗ ಹಡಗುಗಳು ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು, ಸಾಮಾನು ಮಾರಿ ಮೆಣಸು ತುಂಬಿಕೊಂಡ ಮೇಲೂ ಹಡಗಿನವರು ಹೊರಡುವ ಹಾಗಿರಲಿಲ್ಲ, ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ರೇವಿನಲ್ಲೇ ಕಾಯಬೇಕಿತ್ತು ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಕರೆಂಟು ಹೋಯಿತೆಂದುಕೊಂಡೆ. ಫ್ಯಾನು ತಿರುಗುತ್ತಲೇ ಇತ್ತು. ಪ್ರಾಂಶುಪಾಲರ ಫೋನು ರಿಂಗಾಯಿತು. ಈ ಭಾಗದಲ್ಲಿ ಕಲಿಯುವವರೇ ಇಲ್ಲ, ಖಾಲಿ ತರಗತಿ ನಡೆಸಲಾಗದು, ಕೇಂದ್ರ ಮುಚ್ಚಿದ್ದೇವೆ ಎಂದು ಅದೇ ವಿನಯದ ದನಿ ಹೇಳಿತು. ವರ್ಷದ ಪರೀಕ್ಷೆಯೂ ಬಂದಿರಲಿಲ್ಲ. ನನಗೆ ವಾಕ್ಯ ಮುಗಿಸುವುದಕ್ಕೂ ಬಿಡಲಿಲ್ಲ.

ಕುರ್ಚಿ ಮೇಜುಗಳು ಎಲ್ಲಿಗೋ ಹೋದವು. ಮಹಡಿಗೆ ಬೀಗ ಬಿತ್ತು. ಕೇಬಲ್ಲಿನವರು ಹನೂರಿಗೆ ಮರಳಿದರು. ಪ್ರಾಂಶುಪಾಲರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಹೋಗಿ ಮಾತಾಡಿಸಿದರೆ ದಾಸವಾಳದ ಗಿಡಕ್ಕೆ ನೀರು ಹಾಕುತ್ತಾ, “ನಮ್ಮ ಜನಕ್ಕೆ ಬೇಡವಾಗಿತ್ತು ಕಣ್ರಿ” ಎನ್ನುವರು. ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕಂಪನಿ ಮುಳುಗಲಿ ಬಿಡಲಿ, ನನಗೆ ತಿಳಿಯಬೇಕಾಗಿದ್ದದ್ದು ಒಂದೇ: ನನ್ನ ಕೊನೆಯ ಪಾಠಗಳನ್ನು ಯಾರಾದರೂ ಕೇಳಿದ್ದರೇ, ಇಲ್ಲವೇ? ಇಷ್ಟು ವರ್ಷ ಪಾಠ ಹೇಳಿ ಕೊನೆಗೆ ಖಾಲಿ ಗಾಳಿಗೆ ಮಾತಾಡಿ ಮುಗಿಸಿದೆನಲ್ಲ ಎಂದು ಸಂಕಟವಾಗುತ್ತಿತ್ತು. ನನ್ನ ಗಂಡ ಸಮಾಧಾನ ಹೇಳುವ ರೀತಿಯೇ ಬೇರೆ.

“ಹೋಗಲಿ ಬಿಡು, ಆ ಮಹಡಿ ಗೋಡೆಗಾದರೂ ಚರಿತ್ರೆ ಬಂತು” ಎಂದರು. ಅಂದು ಅವರು ಮಾಡಿದ ಸಾರಿನಲ್ಲಿ ಉಪ್ಪಿನಿಂದ ಹುಳಿಯವರೆಗೆ ತಪ್ಪು ತೆಗೆದೆ.

ಮುಂದಿನ ವರ್ಷ ಮಾಂಬಳ್ಳಿಯಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದ ಸಾಲಿನಲ್ಲಿ ಒಬ್ಬ ಗಂಡಸು ಎಲೆಯಲ್ಲಿ ಅರ್ಧಕ್ಕರ್ಧ ಹೋಳಿಗೆ ಬಿಟ್ಟು ಎದ್ದ. ನನ್ನ ಬಾಯಿ ಸುಮ್ಮನಿರಬೇಕಲ್ಲ. “ಬೇಡ ಅಂದಮೇಲೆ ಹಾಕಿಸಿಕೊಂಡದ್ದೇಕೆ? ಮಾಡಿದವರ ಕಷ್ಟ ಗೊತ್ತೇನು?” ಎಂದು ಗದರಿದೆ. ಆತ ಕೈತೊಳೆಯುವ ಕಡೆ ಓಡಿದ. ಆದರೆ ತುಪ್ಪ ಬಡಿಸುತ್ತಿದ್ದ ಹೆಂಗಸು ಗಿಂಡಿ ಹಿಡಿದುಕೊಂಡೇ ನಿಂತುಬಿಟ್ಟಳು. ನನ್ನ ಮುಖವನ್ನು ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು.

“ಮೇಡಮ್ಮೋರೆ, ಇದು ಪಾಠದ ದನಿ ಅಲ್ವಾ? ಫೋನ್ ಪಾಠದ್ದು?”

ನಾನು ಹೌದೆನ್ನುವಷ್ಟರಲ್ಲಿ ಗಿಂಡಿಯನ್ನು ಯಾರದೋ ಕೈಗೆ ತುರುಕಿದಳು.

“ಫೋನಲ್ಲಿ ಮೊಕ ಬೆಳ್ಳುದ್ದ ಕಾಣ್ತಿತ್ತು, ದನಿ ಮಾತ್ರ ಚೆಂದಾಗಿ ಗೊತ್ತು ಕಣ್ರಿ. ನಮ್ಮನ್ನೂ ಇಂಗೇ ಬಯ್ತಿದ್ರಿ. ಎದ್ದೇಳಿ, ನಮ್ಮನೆ ಇಲ್ಲೇ ಅದೆ.”

ಆ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಆಕೆ. ಪಿಯುಸಿಯವರೆಗೆ ಓದಿದ್ದಳಂತೆ. ಮಾಂಬಳ್ಳಿಯ ಆ ಒಂದೇ ಚುಕ್ಕೆ ಅವಳದೇ ಎಂದು ತಿಳಿದಾಗ ನನಗೆ ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಕೈ ಎಂಜಲಾಗಿತ್ತು.

ಅವಳ ಮನೆಯ ಮುಂದೆ ಉದ್ದನೆಯ ಜಗಲಿ. ಅವಳು ಬೀದಿಗೆ ನಿಂತು ಒಂದು ಕೂಗು ಹಾಕಿದ್ದೇ ತಡ, ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಇಬ್ಬರು ಗಂಡಸರೂ ಬಂದು ಕಂಬಕ್ಕೆ ಒರಗಿದರು. ಎಲ್ಲರೂ ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದವರೇ! ಪರದೆಯ ಮೇಲೆ ಒಂದೊಂದಾಗಿ ಆರಿಹೋಗಿದ್ದ ಹೆಸರುಗಳೆಲ್ಲ ಮೈಕೈ ತುಂಬಿಕೊಂಡು ನನ್ನ ಮುಂದೆ ಕೂತಿದ್ದವು.

“ಮತ್ತೆ ಯಾಕೆ ಯಾರೂ ಪಾಠಕ್ಕೆ ಬರುತ್ತಿರಲಿಲ್ಲ?” ಎಂದೆ. ದನಿ ಜೋರಾಗಿಯೇ ಇತ್ತು.

“ಬತ್ತಿದ್ವಲ್ಲ! ದಿನಾ ಬತ್ತಿದ್ವಿ. ಇಲ್ಗೇ ಬತ್ತಿದ್ವಿ” ಎಂದಳು ಒಬ್ಬಳು.

ಬಿಸಿಯೂಟದವಳು ಒಳಗಿನಿಂದ ಒಂದು ದೊಡ್ಡ ಸ್ಟೀಲು ಪಾತ್ರೆ ತಂದು ಜಗಲಿಯ ನಡುವೆ ಇಟ್ಟಳು. ತನ್ನ ಫೋನನ್ನು ಅದರೊಳಗೆ ನಿಲ್ಲಿಸಿ ತೋರಿಸಿದಳು. ಪಾತ್ರೆಯೊಳಗಿದ್ದರೆ ದನಿ ಬೀದಿಯ ತುದಿಯವರೆಗೂ ಕೇಳುತ್ತದಂತೆ. ಮೊದಮೊದಲು ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು ಕೇಳಿದರಂತೆ. ಯಾರಿಗೂ ರುಚಿಸಲಿಲ್ಲ.

“ಒಬ್ಬೊಬ್ರೇ ಕುಂತ್ಕಂಡು ಕತೆ ಕೇಳಕಾದ್ದಾ ಮೇಡಮ್ಮೋರೆ? ಪಿಶಾಚಿಗಳಂಗೆ! ಅದ್ಕೇ ಎಲ್ರೂ ಇಲ್ಗೇ ಬಂದ್ವಿ. ನಾಕು ಫೋನು ಆನ್ ಮಾಡುದ್ರೆ ಕುಯ್ ಅಂತ ಕಿರುಚ್ಕತವೆ. ಅದ್ಕೇ ಒಂದೇ ಸಾಕು ಅಂದ್ವಿ.”

ಕೇಳಿ ನನಗೆ ನಗುವೂ ಬಂತು, ಅಳುವೂ ಬಂತು. ನಮ್ಮ ಕಡೆ ಕಥೆ ಕೇಳುವ ಕ್ರಮವೇ ಹಾಗೆ. ಒಬ್ಬರು ಹೇಳಬೇಕು, ಮಿಕ್ಕವರು ಸುತ್ತ ಕೂರಬೇಕು, ಅವರಲ್ಲಿ ಒಬ್ಬರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕೇಳುವವರು ಮಲಗಿದರೆಂದು ಕಥೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಚಿಕ್ಕಂದಿನಲ್ಲಿ ಅಜ್ಜಿಗೆ ಹೂಂಗುಟ್ಟಿಯೇ ಕಥೆ ಕೇಳಿದವಳು. ಈ ಜನ ವಿಶ್ವವಿದ್ಯಾಲಯವನ್ನೂ ಹಾಗೆಯೇ ಕೇಳಿದ್ದರು. ಜಗಲಿ ತುಂಬ ಜನ, ನಡುವೆ ಒಂದು ಫೋನು. ಕಂಪನಿಯ ಕಣ್ಣಿಗೆ ಕಂಡದ್ದು ಮಾತ್ರ ಒಂದು ಚುಕ್ಕೆ. ಹಾಜರಾತಿ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಎಲ್ಲರ ಫೋನಿಗೂ ಬಂದಿತ್ತಂತೆ. ಇಂಗ್ಲಿಷಿನಲ್ಲಿತ್ತು, ಬ್ಯಾಂಕಿನವರದೋ ಸಿಮ್ಮಿನವರದೋ ಕಾಟವೆಂದು ಅಳಿಸಿಹಾಕಿದ್ದರು. ಪಾಠ ನಿಂತ ಮೇಲೆ ಕೊಳ್ಳೇಗಾಲದ ಮಹಡಿಯವರೆಗೂ ಬಂದು ಬೀಗ ನೋಡಿಕೊಂಡು ವಾಪಸಾಗಿದ್ದರು.

“ಮೈಕು ಮುಚ್ಚಿತ್ತಲ್ಲ, ಮತ್ತೆ ಹೂಂಗುಟ್ಟುತ್ತಿದ್ದವರು ಯಾರು?” ಎಂದು ಕೇಳಿದೆ.

ಎಲ್ಲರೂ ಜಗಲಿಯ ಮೂಲೆಯ ಕಡೆ ನೋಡಿದರು. ಅಲ್ಲಿ ಬಿಸಿಯೂಟದವಳ ಅತ್ತೆ ಕಾಲು ನೀಡಿ ಕೂತು ಅಡಕೆ ಕುಟ್ಟುತ್ತಿದ್ದರು. ಓದುಬರಹ ಬಾರದ ಮುದುಕಿ. ವಿಶ್ವವಿದ್ಯಾಲಯಕ್ಕೆ ಸೇರಿದವರೂ ಅಲ್ಲ. ನನ್ನ ಪಾಠಗಳಿಗೆಲ್ಲ ಊಂ ಎನ್ನುವ ಕೆಲಸ ಅವರದಾಗಿತ್ತಂತೆ. ಆ ಕಡೆ ಕೇಳಿಸುವುದಿಲ್ಲ ಎಂದು ಸೊಸೆ ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ಕೇಳದಿದ್ದರೆ ಅದು ಆ ಮೇಡಮ್ಮನ ಹಣೆಬರಹ, ತಾನು ಅನ್ನುವುದು ಅನ್ನಬೇಕು ಎಂದಿದ್ದರಂತೆ.

ಮುದುಕಿ ಕುಟ್ಟಾಣಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಬಂದ್ಯಾ? ಸರಿ. ಆ ಅಡಗಿನೋರು ಗಾಳಿ ತಿರುಗ್ಲಿ ಅಂತ ಕಾಯ್ತಾ ಕುಂತಿದ್ರಲ್ಲ, ಅವ್ರು ಊರ್ಗೋದ್ರಾ, ಇಲ್ವಾ?”

ಮುಚ್ಚಿದ ಮೈಕುಗಳಿಗೆ, ಕಪ್ಪಾದ ಪರದೆಗೆ ಹೇಳಿದ್ದ ಆ ಅರ್ಧ ವಾಕ್ಯವನ್ನು ಈ ತಾಯಿ ಒಂದು ವರ್ಷದಿಂದ ಮಡಿಲಲ್ಲಿ ಇಟ್ಟುಕೊಂಡಿದ್ದರು. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಬಹುಮಾನವನ್ನು ಯಾವ ಸನ್ಮಾನವೂ ಕೊಟ್ಟಿಲ್ಲ. ಅಲ್ಲೇ ಉತ್ತರ ಹೇಳಿಬಿಡಬಹುದಿತ್ತು, ಒಂದೇ ವಾಕ್ಯದ ಕೆಲಸ. ಆದರೆ ಹನೂರಿನಲ್ಲೂ ಯಾವುದೋ ಜಗಲಿ ಇದೇ ವಾಕ್ಯದಲ್ಲಿ ಸಿಕ್ಕಿಕೊಂಡಿರಬಹುದಲ್ಲ ಎನಿಸಿತು. ನನ್ನೊಳಗಿನ ಹಟಮಾರಿ ಎದ್ದು ಕೂತಳು.

“ಇಲ್ಲಿ ಹೇಳುವುದಿಲ್ಲ ಅಜ್ಜಿ. ಪಾಠ ಮತ್ತೆ ಶುರುವಾಗಲಿ, ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ” ಎಂದೆ.

“ಅಷ್ಟೊತ್ಗೆ ನಾನಿರ್ಬೇಕಲ್ಲವ್ವ!” ಎಂದು ಅವರು ಬೊಚ್ಚುಬಾಯಲ್ಲಿ ನಕ್ಕರು. ಆದರೆ ಮಾತು ಕೊಟ್ಟಾಗಿತ್ತು.

ಅಲ್ಲಿಂದ ನೇರವಾಗಿ ಪ್ರಾಂಶುಪಾಲರ ಮನೆಗೆ ಹೋದೆ. ಅವರು ದಾಸವಾಳಕ್ಕೆ ನೀರು ಹಾಕುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳುತ್ತಾ ನಿಂತರು. ಗಿಡದ ಬುಡದಲ್ಲಿ ನೀರು ಕೆರೆಯಾಯಿತು. “ಜಗಲಿ ತುಂಬ ಇದ್ದರಾ? ನಿಜವಾಗಿಯೂ ಇದ್ದರಾ?” ಎಂದು ಎರಡೆರಡು ಸಲ ಕೇಳಿ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಬಂದರು. ಸಂಜೆಗೆ ಹನೂರಿನ ಕೇಬಲ್ಲಿನವರಿಗೆ ಫೋನು ಮಾಡಿದೆವು. ಅವರು ವಿಚಾರಿಸಿಕೊಂಡು ಬಂದು ಹೇಳಿದ್ದೂ ಅದೇ ಕಥೆ. ಹನೂರಿನಲ್ಲಿ ಟೈಲರ್ ಅಂಗಡಿಯೊಂದರ ಮುಂದೆ ಎಲ್ಲರೂ ಸೇರುತ್ತಿದ್ದರಂತೆ. ಗೋಪಿನಾಥಂನವರು ಪಾಲಾರ್ ಕಡೆ ಸಿಗ್ನಲ್ ಸಿಗುವ ಜಾಗಕ್ಕೆ ಒಬ್ಬರನ್ನು ಕಳಿಸಿ, ಯಾರಿಂದಲೋ ಪಾಠವನ್ನು ಫೋನಿಗೆ ತುಂಬಿಸಿಕೊಂಡು ಬಂದು ಊರಿನಲ್ಲಿ ಕೇಳುತ್ತಿದ್ದರಂತೆ.

ಹಳೆಯ ಕಂಪನಿಯವರು ನಮ್ಮ ಮಾತಿಗೆ ಸೊಪ್ಪು ಹಾಕಲಿಲ್ಲ. ಪ್ರಾಂಶುಪಾಲರು ಬಿಡಲಿಲ್ಲ. ಬಸ್ಸು ಹತ್ತಿ, ಕಚೇರಿ ಕಚೇರಿಗಳ ಬೆಂಚು ಬಿಸಿ ಮಾಡಿ, ಕೊನೆಗೆ ಇನ್ನೊಂದು ವಿಶ್ವವಿದ್ಯಾಲಯದ ಮನವೊಲಿಸಿದರು. ಅವರು ಒಬ್ಬ ಅಧಿಕಾರಿಯನ್ನು ಪರಿಶೀಲನೆಗೆ ಕಳಿಸಿದರು. ಆತನನ್ನು ಮಾಂಬಳ್ಳಿಯ ಜಗಲಿಯಲ್ಲಿ ಕೂರಿಸಿ, ನಾನು ಕೊಳ್ಳೇಗಾಲದಿಂದ ಒಂದು ಮಾದರಿ ಪಾಠ ಹೇಳಿದೆ. ಹಡಗಿನ ಪಾಠವಲ್ಲ, ಬೇರೆ ಪಾಠ. ಮುದುಕಿಗೆ ಅದರಿಂದ ಸಿಟ್ಟು ಬಂದಿತ್ತೆಂದು ಆಮೇಲೆ ತಿಳಿಯಿತು. ಆದರೂ ಮೈಕಿನಲ್ಲಿ ಹೂಂಗುಟ್ಟುತ್ತಿದ್ದರು. ನಡುವೆ ಎಲೆಯಡಕೆ ಉಗಿಯಲು ಎದ್ದು ಹೋದರು. ಹೂಂ ನಿಂತಿತು. ಅಭ್ಯಾಸಬಲ, ನಾನೂ ಇಲ್ಲಿ ನಿಲ್ಲಿಸಿದೆ. ಆಮೇಲೆ ಮಾಂಬಳ್ಳಿಯ ಕಡೆಯಿಂದ ಗಂಡು ದನಿಯೊಂದು ಗಂಟಲು ಸರಿಮಾಡಿಕೊಂಡು “ಹೂಂ” ಎಂದಿತು. ಅಧಿಕಾರಿಯದೇ! ಜಗಲಿ ಜಗಲಿಯೇ ನಕ್ಕಿತು. ಆತನೂ ನಮ್ಮ ಹಾಗೆ ಯಾವುದೋ ಅಜ್ಜಿಯ ಮಡಿಲಲ್ಲಿ ಬೆಳೆದವನೇ ಇರಬೇಕು. ಅವನ ಹೊಟ್ಟೆ ತಣ್ಣಗಿರಲಿ.

ಒಪ್ಪಿಗೆ ಬಂತು. ಇನ್ನು ಮೇಲೆ ಹಾಜರಾತಿ ಫೋನಿಗಲ್ಲ, ಜಗಲಿಗೆ. ಕೂತವರೆಲ್ಲ ಸರದಿಯಲ್ಲಿ ತಮ್ಮ ಹೆಸರು ಹೇಳಬೇಕು. ಪ್ರತಿ ಜಗಲಿಯಲ್ಲಿ ಹೂಂಗುಟ್ಟುವವರೊಬ್ಬರ ಮೈಕು ತೆರೆದಿರಬೇಕು. ಗೋಪಿನಾಥಂನವರಿಗೆ ಪಾಠ ಮೆಮೊರಿ ಕಾರ್ಡಿನಲ್ಲಿ ಬಸ್ಸು ಹತ್ತಿ ಹೋಗುತ್ತದೆ. ಅವರು ತಮ್ಮ ಪ್ರಶ್ನೆಗಳನ್ನೂ ಹೂಂಗಳನ್ನೂ ರೆಕಾರ್ಡು ಮಾಡಿ ವಾರಕ್ಕೊಮ್ಮೆ ಒಟ್ಟಿಗೆ ಕಳಿಸುತ್ತಾರೆ. ಅರ್ಧ ಹೂಂ ಎಂದಿದ್ದರೆ, ಅರ್ಧ ತಮಿಳಿನ ‘ಆಮಾ’ ಎಂದಿರುತ್ತದೆ. ನಾನು ಅವನ್ನು ಒಂದೂ ಬಿಡದೆ ಕೇಳುತ್ತೇನೆ.

ಮೊದಲ ಪಾಠಕ್ಕೆ ಇನ್ನೇನು ವಾರವಿದೆ ಎನ್ನುವಾಗ ಮಾಂಬಳ್ಳಿಯಿಂದ ಫೋನು ಬಂತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ ಎಂದು ಬಿಸಿಯೂಟದವಳು ಅತ್ತಳು. ಆ ಒಂದು ವಾಕ್ಯವನ್ನು ಅಂದೇ ಹೇಳಿಬಿಡಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ನೋಡಲು ಹೋದರೆ ಮುದುಕಿ ಔಷಧಿಯ ಮಂಪರಿನಲ್ಲಿದ್ದರು. ಕಿವಿಯ ಹತ್ತಿರ ಬಾಗಿ, “ಅಜ್ಜಿ, ಹಡಗಿನವರು...” ಎಂದೆ. ಅವರು ಕಣ್ಣು ಬಿಡದೆಯೇ ಕೈಯೆತ್ತಿ ತಡೆದರು.

“ಇಲ್ಲಿ ಬ್ಯಾಡ. ಎಲ್ರೂ ಇರ್ಲಿ.”

ಪಾಠದ ದಿನ, ಬೀಗ ತೆಗೆದ ಮಹಡಿಯಲ್ಲಿ ಮತ್ತೆ ದೀಪ ಹೊತ್ತಿತು. ಕೇಬಲ್ಲಿನವರು ಒಂದೊಂದೇ ಊರನ್ನು ಕೂಗಿದರು. ಹನೂರು ಹೆಸರು ಹೇಳಿತು. ಯಳಂದೂರು ಹೇಳಿತು. ಮಾಂಬಳ್ಳಿಯ ಹೆಂಗಸರೂ ಗಂಡಸರೂ ಸರದಿಯಲ್ಲಿ ಹೇಳಿ ಮುಗಿಸಿದರು. ಅಜ್ಜಿಯನ್ನು ಮನೆಗೆ ಕರೆತಂದಿದ್ದಾರೆಂದು ನನಗೆ ಗೊತ್ತಿತ್ತು. ಆದರೆ ಮಾತಾಡುವಷ್ಟು ತ್ರಾಣವಿದೆಯೋ ಇಲ್ಲವೋ ತಿಳಿದಿರಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಪ್ರಾಂಶುಪಾಲರು ಶುರುಮಾಡಿ ಎಂದು ಸನ್ನೆ ಮಾಡಿದರು.

“ಹಡಗಿನವರು ಗಾಳಿಗಾಗಿ ಕಾಯುತ್ತಿದ್ದರು” ಎಂದೆ.

ಹನೂರಿನಿಂದ ಊಂ ಬಂತು. ಯಳಂದೂರಿನಿಂದ ಬಂತು. ನಾನು ಮುಂದುವರಿಯದೆ ಸುಮ್ಮನೆ ನಿಂತೆ. ಆಮೇಲೆ, ಒಲೆಯ ಮೇಲಿನ ಹಾಲು ಉಸಿರಾಡಿದಷ್ಟು ಮೆಲ್ಲಗೆ, ಮಾಂಬಳ್ಳಿಯಿಂದ “ಊಂ” ಎಂದು ಕೇಳಿಸಿತು. ಮಂಚವನ್ನೇ ಜಗಲಿಗೆ ಎತ್ತಿ ತಂದಿದ್ದರಂತೆ.

“ಗಾಳಿ ತಿರುಗಿತು. ಹಾಯಿ ಬಿಚ್ಚಿದರು.”

“ಊಂ.”

“ಊರಿಗೆ ಹೋದರು ಅಜ್ಜಿ.”

“ಊಂ. ಸದ್ಯ ಊರ್ಗೋದ್ರಲ್ಲ.” ಅವರು ಉಸಿರು ತೆಗೆದುಕೊಂಡರು. “ಅಲ್ಲ ಕಣವ್ವ, ಅಷ್ಟ್ ದಿವ್ಸ ಆದ್ಮೇಲೆ ಊರ್ ಸೇರುದ್ರಲ್ಲ, ಮನೆ ತಾವ ಯಾರಾದ್ರೂ ಕಾಯ್ಕಂಡಿದ್ರಾ?”

ಅದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟು ವರ್ಷ ಅದೆಷ್ಟು ಮಕ್ಕಳ ಅಂಕ ಕತ್ತರಿಸಿದ್ದೇನೋ ಇಂಥದಕ್ಕೆ. ಪರದೆಯ ಮೇಲೆ ಮಾಂಬಳ್ಳಿಯ ಚುಕ್ಕೆ ಹಸಿರಾಗಿ ಉರಿಯುತ್ತಿತ್ತು.

“ಕಾದಿದ್ದರು” ಎಂದೆ.